ಎಣ್ಣೆ ಬಿಡುವವನ ಹೆಸರು

ಉದ್ದದ ಪೋಸ್ಟು ಇದು. ಮರಗೆಲಸದ ಹಳೇ ಮಿಷನ್ನುಗಳಿಗೆ ಎಣ್ಣೆ ಬಿಡೋದರ ಬಗ್ಗೆ ಬರೀತಾ ಇದ್ದೀನಿ. "ಇವನಿಗೇನಾಯ್ತು, ಚಳವಳಿ ಬಿಟ್ಟು ಗ್ರೀಸ್ ಡಬ್ಬಿಗೆ ಕೈ ಹಾಕಿದ್ನಲ್ಲ" ಅಂತ ನಗೋರು ನಗಲಿ. ಪೂರ್ತಿ ಓದಿ, ಆಮೇಲೆ ಜಗಳ ಆಡೋಣ.

ನಮ್ಮಪ್ಪ ಮೂವತ್ತೊಂದು ವರ್ಷ ಒಂದು ಸಾಮಿಲ್ಲಿನಲ್ಲಿ ದುಡಿದ. ಅಲ್ಲಿ ಅವನನ್ನ ಹೆಸರು ಹಿಡಿದು ಕರೆದೋರು ಕಡಿಮೆ. "ಏ ಎಣ್ಣೆ, ಬಾ ಇಲ್ಲಿ" ಅಷ್ಟೇ. ಬ್ಯಾಂಡ್ ಸಾ ಮುಂದೆ ನಿಲ್ಲೋನು ಮಿಸ್ತ್ರಿ. ಬ್ಲೇಡು ಹರಿತ ಮಾಡೋನು ಸಾ ಡಾಕ್ಟರ್, ನೋಡಿ, ಡಾಕ್ಟರ್! ಲೆಕ್ಕ ಬರೆಯೋರು ರೈಟರು. ದಿಮ್ಮಿ ಉರುಳಿಸೋರಿಗೂ ಹಮಾಲರು ಅಂತ ಒಂದು ಹೆಸರಿತ್ತು. ಎಣ್ಣೆ ಬಿಡೋನು ಮಾತ್ರ ಎಣ್ಣೆ. ಹಾಜರಿ ಪುಸ್ತಕದಲ್ಲಿ ಮೊದಲ ದಿನ "ಹೆಲ್ಪರ್" ಅಂತ ಬರೆದದ್ದು ಕೊನೇ ದಿನದವರೆಗೂ ಹೆಲ್ಪರ್ರೇ.

ಆ ಹೆಲ್ಪರ್ ಏನು ಮಾಡ್ತಿದ್ದ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಈ ಕೆಲಸ ಯಾರ ಕಣ್ಣಿಗೂ ಬೀಳೋದಲ್ಲ. ಹಳೇ ಸಾಮಿಲ್ಲಿನಲ್ಲಿ ಮಿಷನ್ನಿಗೊಂದು ಮೋಟಾರು ಇರ್ತಿರಲಿಲ್ಲ. ಮೂಲೆಯಲ್ಲಿ ಒಂದೇ ದೊಡ್ಡ ಮೋಟಾರು, ಅದರಿಂದ ನೆಲದ ಕೆಳಗೆ ಕಾಲುವೆಯಲ್ಲಿ ಓಡುವ ಉದ್ದನೆಯ ಶಾಫ್ಟು, ಶಾಫ್ಟಿನ ಮೇಲೆ ಸಾಲಾಗಿ ಪುಲ್ಲಿಗಳು, ಪ್ರತಿ ಪುಲ್ಲಿಯಿಂದ ಒಂದೊಂದು ಮಿಷನ್ನಿಗೆ ಅಗಲವಾದ ಪಟ್ಟಾ. ಶಾಫ್ಟು ತಿರುಗುವ ಕಡೆಯೆಲ್ಲ ಬೇರಿಂಗು, ಪ್ರತಿ ಬೇರಿಂಗಿನ ನೆತ್ತಿಯಲ್ಲಿ ಎಣ್ಣೆಗೆ ಒಂದು ತೂತು. ಇಡೀ ಮಿಲ್ಲಿನಲ್ಲಿ ಅಂಥ ತೂತುಗಳು 61. ಅಪ್ಪ ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು. ಲಾರಿ ಬೋರ್ಡ್ ಬರೆಯುವವನ ಹತ್ರ ಉಳಿದ ಪೇಂಟು ಕೇಳಿ ತಂದು ಒಂದೊಂದು ತೂತಿನ ಸುತ್ತ ಉಂಗುರ ಬರೆದಿದ್ದ. ಕೆಂಪು ಅಂದ್ರೆ ದಿನಾ, ಹಳದಿ ಅಂದ್ರೆ ವಾರಕ್ಕೊಂದ್ಸಲ, ಬಿಳಿ ಅಂದ್ರೆ ತಿಂಗಳಿಗೊಂದ್ಸಲ. ನಾನು ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ರಿಜಿಸ್ಟರುಗಳ ನಡುವೆ ಬದುಕ್ತಿರೋನು. ಅದಕ್ಕಿಂತ ಚೊಕ್ಕ ರಿಜಿಸ್ಟರು ನಾನು ಕಂಡಿಲ್ಲ. ಅಕ್ಷರವೇ ಇಲ್ಲದ ರಿಜಿಸ್ಟರು ಅದು.

ಎಣ್ಣೆ ಬಿಡೋದು ಅಂದ್ರೆ ಸುರಿಯೋದಲ್ಲ. ಇದು ಅಪ್ಪನ ಮೊದಲ ಪಾಠ. ಆ ಕಾಲದ ಬೇರಿಂಗು ಈಗಿನ ಹಾಗೆ ಉಕ್ಕಿನ ಗೋಲಿಯದ್ದಲ್ಲ, ವೈಟ್ ಮೆಟಲ್. ತವರ, ಆಂಟಿಮನಿ, ತಾಮ್ರ ಬೆರೆಸಿದ ಮೆತ್ತನೆಯ ಲೋಹ. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಎಂಬಾತ ಪೇಟೆಂಟ್ ಮಾಡಿಸಿದ್ದರಿಂದ ಬ್ಯಾಬಿಟ್ ಅಂತಲೂ ಕರೀತಾರೆ. ಶಾಫ್ಟಿಗಿಂತ ಮೆತ್ತಗಿರೋದೇ ಅದರ ಗುಣ. ಮರಳು, ಧೂಳು ಒಳಗೆ ಬಂದ್ರೆ ತಾನೇ ನುಂಗಿಕೊಳ್ಳುತ್ತೆ, ಶಾಫ್ಟಿಗೆ ಗೀರು ಬೀಳೋಕೆ ಬಿಡಲ್ಲ. ಆದ್ರೆ ಎಣ್ಣೆ ನಿಂತರೆ ಕಾದು, ಕರಗಿ ಹರಿದುಹೋಗುತ್ತೆ. ಸರಿಯಾಗಿ ಎಣ್ಣೆ ಇದ್ದರೆ ಶಾಫ್ಟು ಲೋಹವನ್ನ ಮುಟ್ಟೋದೇ ಇಲ್ಲ. ಎರಡರ ನಡುವೆ ಎಣ್ಣೆಯದ್ದೊಂದು ತೆಳು ಪದರ, ಅದರ ಮೇಲೆ ತೇಲಿಕೊಂಡೇ ತಿರುಗುತ್ತೆ. ಹಾಗಾಗಿ ನೂರು ವರ್ಷ ಬಾಳಿದ ಬೇರಿಂಗು ಇರ್ತವೆ, ಒಂದು ಗಂಟೆಯಲ್ಲಿ ಹಾಳಾದವೂ ಇರ್ತವೆ. ನಡುವೆ ಇರೋದು ಎಣ್ಣೆ ಬಿಡೋನು.

ತೂತಿನ ಬಾಯಿ ಮೊದಲು ಒರೆಸಬೇಕು, ಆಮೇಲೆ ಎಣ್ಣೆ. ತಿರುಗು ಮುರುಗು ಮಾಡಿದ್ರೆ ಹೊಟ್ಟನ್ನೇ ಒಳಕ್ಕೆ ತೊಳೆದು ಕಳಿಸಿದ ಹಾಗೆ. ಕೆಲವು ಬೇರಿಂಗಿಗೆ ಮೇಲೊಂದು ಎಣ್ಣೆ ಬಟ್ಟಲು, ಅದರಿಂದ ಉಣ್ಣೆಯ ಬತ್ತಿ ಇಳಿಬಿಟ್ಟಿರೋದು. ಬತ್ತಿ ಎಣ್ಣೆಯನ್ನ ಹೀರಿ, ಸೋಸಿ, ತೊಟ್ಟು ತೊಟ್ಟಾಗಿ ಇಳಿಸುತ್ತೆ. ಮಿಷನ್ ನಿಂತರೂ ಬತ್ತಿ ನಿಲ್ಲಲ್ಲ, ರಾತ್ರಿಯೆಲ್ಲ ತೊಟ್ಟಿಕ್ಕುತ್ತಾ ಬಟ್ಟಲು ಬರಿದಾಗುತ್ತೆ. ಅದಕ್ಕೆ ಸಂಜೆ ಎಲ್ಲರೂ ಕೈಕಾಲು ತೊಳೆದು ಹೊರಟ ಮೇಲೆ ಅಪ್ಪ ಉಳಿದು ಬತ್ತಿಗಳನ್ನ ಒಂದೊಂದಾಗಿ ಎತ್ತಿಟ್ಟು ಬರ್ತಿದ್ದ. ಬೆಳಿಗ್ಗೆ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಹೋಗಿ ಇಳಿಬಿಡ್ತಿದ್ದ. ಈ ಅರ್ಧ ಅರ್ಧ ಗಂಟೆಗೆ ಮೂವತ್ತೊಂದು ವರ್ಷದಲ್ಲಿ ಓಟಿ ಅಂತ ಒಂದು ರೂಪಾಯಿ ಬಂದಿಲ್ಲ. ಬತ್ತಿ ಎತ್ತೋದನ್ನ ಕೆಲಸ ಅಂತ ಯಾರು ಲೆಕ್ಕ ಹಿಡೀತಾರೆ?

ಕಾನೂನು ಲೆಕ್ಕ ಹಿಡಿದಿತ್ತು. ಇದನ್ನ ಹೇಳೋಕೇ ಈ ಪೋಸ್ಟು ಶುರು ಮಾಡಿದ್ದು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್ ಓದಿ. ಓಡುತ್ತಿರುವ ಮಿಷನ್ನಿಗೆ ಎಣ್ಣೆ ಬಿಡುವ ಅಗತ್ಯ ಬಿದ್ದರೆ ಆ ಕೆಲಸವನ್ನ ಅದಕ್ಕೆಂದೇ ತರಬೇತಿ ಪಡೆದ ವಯಸ್ಕ ಗಂಡಾಳು ಮಾತ್ರ ಮಾಡಬೇಕಿತ್ತು. ಅವನು ಮೈಗೆ ಅಂಟಿದ ಬಟ್ಟೆ ತೊಟ್ಟಿರಬೇಕಿತ್ತು, ಆ ಬಟ್ಟೆಯನ್ನ ಮಾಲೀಕನೇ ಕೊಡಬೇಕಿತ್ತು. ಅವನ ಹೆಸರು ಅದಕ್ಕಾಗಿಯೇ ಇಟ್ಟ ರಿಜಿಸ್ಟರಿನಲ್ಲಿ ದಾಖಲಾಗಿರಬೇಕಿತ್ತು, ಅವನ ಕೈಗೆ ನೇಮಕದ ಪ್ರಮಾಣಪತ್ರ ಕೊಟ್ಟಿರಬೇಕಿತ್ತು. ಓಡುವ ಪುಲ್ಲಿಯ ಮೇಲಿನ ಪಟ್ಟಾ 15 ಸೆಂಟಿಮೀಟರಿಗಿಂತ ಅಗಲ ಇದ್ದರೆ ಕೈಯೇ ಹಾಕುವಂತಿರಲಿಲ್ಲ. ಹೆಂಗಸರನ್ನ, ಹದಿನೆಂಟು ತುಂಬದವರನ್ನ ಓಡುವ ಶಾಫ್ಟಿನ ಎಣ್ಣೆ ಕೆಲಸಕ್ಕೆ ಹಚ್ಚಲೇಬಾರದಿತ್ತು.

ಅಂದ್ರೆ ಏನು? ದೇಶದ ಕಾನೂನಿನ ಕಣ್ಣಿಗೆ ಎಣ್ಣೆ ಬಿಡುವವನು ಹೆಲ್ಪರ್ ಆಗಿರಲಿಲ್ಲ. ಪ್ರತ್ಯೇಕ ತರಬೇತಿ, ಪ್ರತ್ಯೇಕ ಬಟ್ಟೆ, ಪ್ರತ್ಯೇಕ ರಿಜಿಸ್ಟರು, ಪ್ರಮಾಣಪತ್ರ ಇದ್ದ ಮನುಷ್ಯ. ಮೊದಲ ಸಲ ಆ ಸೆಕ್ಷನ್ ಓದಿದಾಗ ನಾನು ಆಫೀಸಿನಲ್ಲಿದ್ದೆ, ಯಾವುದೋ ಫೈಲಿಗಾಗಿ ಹಳೇ ಕಾಯ್ದೆ ಪುಸ್ತಕ ತಿರುವುತ್ತಾ ಇದ್ದೆ. ಎರಡು ಸಲ ಓದಿದೆ. ಅಪ್ಪನ ಪಂಚೆ ನೆನಪಾಯಿತು. ತಿರುಗುವ ಶಾಫ್ಟಿನ ಪಕ್ಕ ಕೂರುವಾಗ ಪಂಚೆಯನ್ನ ಮೇಲೆತ್ತಿ, ಗಂಟು ಹಾಕಿ, ಅದರ ಮೇಲೆ ಗೋಣಿ ದಾರ ಬಿಗೀತಿದ್ದ. ಕಾನೂನು ಹೇಳಿದ "ಮೈಗೆ ಅಂಟಿದ ಬಟ್ಟೆ" ಅವನ ಪಾಲಿಗೆ ಆ ಗೋಣಿ ದಾರ.

ಇನ್ನೊಂದು ಮಾತು. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು. ವಾರದ ದುಡಿಮೆಯನ್ನ 54 ಗಂಟೆಯಿಂದ 48ಕ್ಕೆ ಇಳಿಸಿದ 1946ರ ತಿದ್ದುಪಡಿಯನ್ನ ಮಂಡಿಸಿದವರು ಅವರು. 1948ರ ಕಾಯ್ದೆ ಪಾಸಾದಾಗ ಕಾರ್ಮಿಕ ಮಂತ್ರಿ ಜಗಜೀವನ್ ರಾಂ. ಇಬ್ಬರ ನಡುವೆ ರಾಜಕೀಯವಾಗಿ ಎಷ್ಟು ದೂರ ಇತ್ತು ಅಂತ ನಮಗೆಲ್ಲ ಗೊತ್ತು, ಅದರ ಬಗ್ಗೆ ಇಲ್ಲಿ ಚರ್ಚೆ ಬೇಡ. ಆದ್ರೆ ಎಣ್ಣೆ ಬಿಡುವವನ ಹೆಸರು ಬರೆದಿಡಿ ಅನ್ನೋ ಕಾನೂನು ಬಂದ ಹೊತ್ತಿಗೆ ಆ ಖಾತೆಯ ಕುರ್ಚಿಯಲ್ಲಿ ಕೂತಿದ್ದವರು, ಅದಕ್ಕೂ ಮುಂಚೆ ಕೂತಿದ್ದವರು, ಇಬ್ಬರೂ ಕೇರಿಯಿಂದ ಬಂದವರು. ನಮ್ಮ ಸಾಹಿತ್ಯದಲ್ಲಿ ಇದು ಎಲ್ಲೂ ಬರಲ್ಲ. ಬರಬೇಕು.

ಕಾನೂನು ಮಿಲ್ಲಿನ ಗೇಟು ದಾಟಲಿಲ್ಲ ಅನ್ನೋದು ಬೇರೆ ವಿಷಯ. ಆ ಕಾಯ್ದೆಯಲ್ಲಿ ಕರೆಂಟು ಬಳಸುವ ಕಡೆ 10 ಜನ ಇದ್ದರೆ ಫ್ಯಾಕ್ಟರಿ ಅನ್ನಿಸಿಕೊಳ್ತಿತ್ತು. ನಮ್ಮಪ್ಪನ ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಯಾವಾಗಲೂ ಎಂಟೇ ಹೆಸರು. ನಿಂತು ಎಣಿಸಿದ್ರೆ ಹದಿನಾಲ್ಕು ತಲೆ. ಈಗ 2020ರ ಹೊಸ ಸಂಹಿತೆಯಲ್ಲಿ ಫ್ಯಾಕ್ಟರಿ ಅನ್ನಿಸಿಕೊಳ್ಳೋಕೆ 20 ಜನ ಬೇಕು. ಎಂಟು ಹೆಸರು ಬರೆಯೋರಿಗೆ ಇನ್ನೂ ಅನುಕೂಲ ಆಯ್ತು.

ಅಪ್ಪನದ್ದೇ ಒಂದು ಕಾಯ್ದೆ ಇತ್ತು. ಊಟದ ಹೊತ್ತಿಗೆ ಮೋಟಾರು ನಿಂತಾಗ ಒಳಗಿನ ಬೇರಿಂಗುಗಳ ಸರದಿ. ಮೊದಲು ಹೋಗಿ ಮೈನ್ ಬೋರ್ಡಿನ ಮೂರೂ ಫ್ಯೂಸ್ ಕಿತ್ತು ಅಂಗಿ ಜೇಬಿಗೆ ಹಾಕಿಕೊಳ್ಳೋನು. ಬಿಳಿ ಪಿಂಗಾಣಿಯ ಫ್ಯೂಸುಗಳು, ಜೇಬು ಜೋತುಬೀಳೋದು. ಆಮೇಲೇನೇ ಕಾಲುವೆಗೆ ಇಳಿಯೋದು. ಸ್ವಿಚ್ ಆಫ್ ಮಾಡಿದ್ರೆ ಸಾಲದಾ ಅಂತ ಸಾಹುಕಾರರು ಬೈದರೆ, "ಸ್ವಿಚ್ಚು ಯಾರ್ ಬೇಕಾದ್ರೂ ಹಾಕ್ತಾರೆ ಸ್ವಾಮಿ, ಫ್ಯೂಸು ನನ್ ಜೇಬಲ್ಲೈತೆ" ಅಂತಿದ್ದ. ಈಗ ದೊಡ್ಡ ಕಂಪನಿಗಳಲ್ಲಿ ಇದನ್ನೇ ಬೀಗ ಹಾಕಿ, ಚೀಟಿ ಕಟ್ಟಿ, ಟ್ರೈನಿಂಗ್ ಕೊಟ್ಟು ಕಲಿಸ್ತಾರೆ. ರಜೆಯಲ್ಲಿ ನಾನು ಜೊತೆಗೆ ಹೋದಾಗ ನನ್ನನ್ನೂ ಕಾಲುವೆಗೆ ಇಳಿಸ್ತಿದ್ದ, ಮೈ ಸಣ್ಣದು, ಮೂಲೆಯ ಬೇರಿಂಗಿಗೆ ಕೈ ಹೋಗುತ್ತೆ ಅಂತ. ಇಳಿಯೋಕೆ ಮುಂಚೆ ಒಂದು ಫ್ಯೂಸು ನನ್ನ ಕೈಗೆ ಕೊಡೋನು. "ಇದು ನಿನ್ ಕೈಲಿರೋ ತಂಕ ಮಿಷನ್ನು ಸತ್ತಂಗೆ." ಹನ್ನೆರಡು ವರ್ಷದ ಹುಡುಗನಿಗೆ ಅದು ದೊಡ್ಡ ಅಧಿಕಾರ.

ಎಲ್ಲರಿಗೂ ಆ ಜೇಬು ಇರಲಿಲ್ಲ. ಅಪ್ಪ ಜ್ವರ ಬಂದು ಮಲಗಿದ್ದ ಒಂದು ವಾರ ಇನ್ನೊಬ್ಬನನ್ನ ಎಣ್ಣೆಗೆ ಹಾಕಿದರು, ಅವನೂ ನಮ್ಮ ಕೇರಿಯವನೇ. ಆರ್ಡರ್ ಅರ್ಜೆಂಟು, ಮಿಷನ್ ನಿಲ್ಲಿಸಬೇಡ ಅಂದರು. ತೋರುಬೆರಳು ಬುಡದಿಂದ ಹೋಯಿತು. ಕಾರ್ಮಿಕ ಪರಿಹಾರದ 1923ರ ಕಾಯ್ದೆಯಲ್ಲಿ ಬೆರಳುಗಳಿಗೆ ಒಂದು ಪಟ್ಟಿ ಇತ್ತು. ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ನಷ್ಟ, ತೋರುಬೆರಳಿಗೆ ಶೇ 14, ಮಧ್ಯದ ಬೆರಳಿಗೆ 12, ಉಂಗುರ ಬೆರಳಿಗೆ, ಕಿರುಬೆರಳಿಗೆ ತಲಾ 7. ಅವನಿಗೆ ಆ 14ರ ಲೆಕ್ಕ ಯಾರೂ ಹಾಕಿಕೊಡಲಿಲ್ಲ. ಬ್ಯಾಂಡೇಜಿನ ಖರ್ಚು, ಹದಿನೈದು ದಿನದ ಕೂಲಿ, ಒಂದು ಮೂಟೆ ಅಕ್ಕಿ. ಹಾಜರಿ ಪುಸ್ತಕದ ಎಂಟು ಹೆಸರಿನಲ್ಲಿ ಅವನ ಹೆಸರು ಇರಲಿಲ್ಲ.

ಸಾಹುಕಾರರ ಜೊತೆ ಅಪ್ಪನ ಜಗಳ ಬಹುಪಾಲು ಸುಟ್ಟೆಣ್ಣೆಯದ್ದು. ಲಾರಿ ಗ್ಯಾರೇಜಿನಿಂದ ಬಸಿದ ಕಪ್ಪು ಎಣ್ಣೆ ಪುಕ್ಕಟೆ ಸಿಗುತ್ತೆ, ಅದನ್ನೇ ಬಿಡು ಅನ್ನೋರು. ಅದರಲ್ಲಿ ಇಂಜಿನ್ನಿನ ಮಸಿ, ಕಬ್ಬಿಣದ ಪುಡಿ ಎಲ್ಲ ಇರುತ್ತೆ. ಅಪ್ಪ ಅದನ್ನ ಟ್ರಾಲಿಯ ಗಾಲಿಗೆ, ಸರಪಳಿಗೆ ಹಾಕೋನು. ಬೇರಿಂಗಿಗೆ ಹಾಕು ಅಂದ್ರೆ ಕೇಳಿಸದ ಹಾಗೆ ಇರೋನು. ಮುಂದೆ ಅವನ ಕಿವಿ ನಿಜವಾಗಿಯೂ ಹೋಯಿತು, ಪ್ಲೇನರ್ ಸದ್ದಿಗೆ.

ಈಗ ಪಟ್ಟಾದ ವಿಷಯ. ನಾನು ನೋಡುವ ಹೊತ್ತಿಗೆ ಹೆಚ್ಚಿನವು ರಬ್ಬರ್ ಪಟ್ಟಾ ಆಗಿದ್ದವು, ಪ್ಲೇನರಿನದ್ದು ಮಾತ್ರ ಚರ್ಮದ್ದು. ನಮ್ಮದು ಮಾದಿಗರ ಮನೆ. ಅಜ್ಜ ಚಿತ್ರದುರ್ಗದ ಬಯಲು ಸೀಮೆಯಲ್ಲಿ ತಂಗಡಿ ತೊಗಟೆ ಹಾಕಿ ಚರ್ಮ ಹದ ಮಾಡ್ತಿದ್ದೋನು. ಅಪ್ಪ ಆ ಕೆಲಸ ಬೇಡ ಅಂತಲೇ ಮಲೆನಾಡಿನ ಅಂಚಿನ ಈ ಪೇಟೆಗೆ ಬಂದೋನು. ಬಂದು ನೋಡಿದ್ರೆ ಮಿಷನ್ನನ್ನ ತಿರುಗಿಸ್ತಾ ಇರೋದು ಚರ್ಮ. ಆ ಪಟ್ಟಾ ಒಣಗಿ ಬಿರುಕು ಬಿಟ್ಟಾಗ ಮಿಸ್ತ್ರಿ ರಾಳ ಉಜ್ಜೋಣ, ಹಿಡಿತ ಬರುತ್ತೆ ಅಂದನಂತೆ. ಬೇಡ, ರಾಳ ಒಂದು ದಿನ ಹಿಡಿಯುತ್ತೆ, ಆಮೇಲೆ ಚರ್ಮವನ್ನೇ ತಿನ್ನುತ್ತೆ ಅಂತ ಅಪ್ಪ ಹರಳೆಣ್ಣೆ, ಕೊಬ್ಬು ಬೆಚ್ಚಗೆ ಮಾಡಿ ಹೊರಮೈಗೆ ತಿಕ್ಕಿ, ರಾತ್ರಿಯೆಲ್ಲ ಬಿಟ್ಟು, ಕೂದಲಿದ್ದ ಮೈ ಪುಲ್ಲಿಗೆ ತಾಗುವ ಹಾಗೆ ಹಾಕಿದ. ಇಂಜಿನಿಯರಿಂಗ್ ಪುಸ್ತಕದಲ್ಲೂ ಹಾಗೇ ಇದೆ, ಕೂದಲ ಮೈ ಪುಲ್ಲಿಯ ಕಡೆಗೆ. ಅಜ್ಜನಿಂದ ಬಂದ ವಿದ್ಯೆ ಅದು. ಮುಟ್ಟಬಾರದ ವಿದ್ಯೆ.

ಆಯುಧ ಪೂಜೆಗೆ ಬನ್ನಿ. ಹಿಂದಿನ ರಾತ್ರಿ ಹನ್ನೆರಡರ ತನಕ ಅಪ್ಪ ಒಬ್ಬನೇ ಮಿಷನ್ನುಗಳನ್ನ ಸೀಮೆಎಣ್ಣೆ ಹಾಕಿ ತೊಳೆದು, ಒರೆಸಿ, ಹೊಸ ಎಣ್ಣೆ ಬಿಟ್ಟು ಇಡೋನು. ಬೆಳಿಗ್ಗೆ ಪುರೋಹಿತರು ಬಂದ ಮೇಲೆ ಗೇಟಿನ ಹತ್ರ ನಿಲ್ಲಬೇಕು. ವರ್ಷದಲ್ಲಿ ಅದೊಂದು ದಿನ ಮಿಷನ್ನಿಗೆ ಮಡಿ. ಪುರಿ, ಬಾಳೆಹಣ್ಣು ಪೇಪರಿನಲ್ಲಿ ಕಟ್ಟಿ ಗೇಟಿಗೇ ಬರೋದು. ಒಳಗೆ ಮಂಗಳಾರತಿ ಆಗ್ತಿದ್ದ ಮಿಷನ್ನಿನ ಸೊಂಟಕ್ಕೆ ಸುತ್ತಿದ್ದು ಎತ್ತಿನ ಚರ್ಮ, ಆ ಚರ್ಮಕ್ಕೆ ತಿಕ್ಕಿದ್ದು ಕೊಬ್ಬು, ತಿಕ್ಕಿದ ಕೈ ಗೇಟಿನ ಹೊರಗೆ. ಇದನ್ನ ನಾನು ಎಷ್ಟೋ ವೇದಿಕೆಯಲ್ಲಿ ಹೇಳಿದ್ದೀನಿ, ಜನ ಚಪ್ಪಾಳೆ ತಟ್ಟಿದ್ದಾರೆ. ಅಪ್ಪನನ್ನ ಕೇಳಿದ್ರೆ ಅವನ ದೂರು ಬೇರೆಯೇ. "ಆ ಕುಂಕುಮ ಅರಿಸಿನ ಎಲ್ಲಾ ತಂದು ಎಣ್ಣೆ ತೂತಿಗೇ ಇಡೋರು ಕಣ್ಲಾ. ಕೆಂಪು ಉಂಗ್ರ ನೋಡಿ ಬೊಟ್ಟಿಡೋ ಜಾಗ ಅನ್ಕಳೋರೇನೋ. ಮಾರ್ನೇ ದಿನ ಸೂಜಿ ತಕ್ಕಂಡು ಅರವತ್ತೊಂದು ತೂತು ಬಿಡಿಸ್ಬೇಕಿತ್ತು."

ಎಲಿಜಾ ಮೆಕಾಯ್ ಎಂಬ ಹೆಸರನ್ನ ಇಲ್ಲಿ ಹೇಳಬೇಕು. ಅಪ್ಪ ಅಮ್ಮ ಅಮೆರಿಕದ ಕೆಂಟಕಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದವರು. ಮಗ ಹಡಗು ಹತ್ತಿ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕಲಿತು ಬಂದ. ಮಿಷಿಗನ್ ಸೆಂಟ್ರಲ್ ರೈಲು ಕಂಪನಿ ಆ ಕರಿಯ ಇಂಜಿನಿಯರಿಗೆ ಕೊಟ್ಟ ಕೆಲಸ ಏನು ಗೊತ್ತಾ? ಇಂಜಿನ್ನಿನ ಒಲೆಗೆ ಉರಿ ಹಾಕೋದು, ಎಣ್ಣೆ ಬಿಡೋದು. ಆಗ ರೈಲು ಆಗಾಗ ನಿಂತು, ಆಳು ಇಳಿದು ಎಣ್ಣೆ ಬಿಟ್ಟು, ಮತ್ತೆ ಹೊರಡಬೇಕಿತ್ತು. ಎಣ್ಣೆ ಬಿಡುತ್ತಾ ಬಿಡುತ್ತಾ ಅವನು, ಓಡುವ ಇಂಜಿನ್ನಿಗೆ ತಾನಾಗಿಯೇ ಎಣ್ಣೆ ತೊಟ್ಟಿಕ್ಕಿಸುವ ಬಟ್ಟಲು ಕಂಡುಹಿಡಿದ. 1872ರಲ್ಲಿ ಪೇಟೆಂಟ್ ಸಿಕ್ಕಿತು. ಸಾಯೋ ಹೊತ್ತಿಗೆ ಐವತ್ತಕ್ಕೂ ಹೆಚ್ಚು ಪೇಟೆಂಟು, ಬಹುಪಾಲು ಎಣ್ಣೆ ಬಿಡುವ ಸಾಧನಗಳದ್ದೇ. ನಾವು ಕರಿಯರ ಚಳವಳಿಯಿಂದ ಪ್ಯಾಂಥರ್ ಹೆಸರು ತಗೊಂಡೆವು, ಹಾಡು ತಗೊಂಡೆವು. ಈ ಮನುಷ್ಯನನ್ನ ತಗೊಳ್ಳಲಿಲ್ಲ. ನಮ್ಮ ಮಕ್ಕಳಿಗೆ ಹೇಳಬೇಕಾದ ಕಥೆ ಅದು.

ಸಾಮಿಲ್ಲುಗಳ ಕಾಲ ಮುಗಿಯುತ್ತಾ ಬಂತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದಿಂದ ಕಾಡಿನೊಳಗಿನ ಮಿಲ್ಲುಗಳಿಗೆ ಬೀಗ ಬಿತ್ತು. 2002ರ ಅಕ್ಟೋಬರಿನಲ್ಲಿ ಇನ್ನೊಂದು ಆದೇಶ, ಕೇಂದ್ರದ ಉನ್ನತಾಧಿಕಾರ ಸಮಿತಿ ಒಪ್ಪದೆ ಹೊಸ ಮಿಲ್ಲಿಗೆ ಅನುಮತಿ ಇಲ್ಲ ಅಂತ. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಿಲ್ಲು ಮುಚ್ಚಿದಾಗ ಸಾಹುಕಾರರಿಗೆ ಜಾಗ ಉಳಿಯಿತು, ಹೆಲ್ಪರಿಗೆ ಏನೂ ಉಳಿಯಲಿಲ್ಲ. ಮಿಷನ್ನುಗಳು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋದವು.

ಅಂಥ ಗುಜರಿಯಿಂದಲೇ ನಮ್ಮ ಕೇರಿಯ ಮೂವರು ಹುಡುಗರು ಹೋದ ವರ್ಷ ಒಂದು ಪ್ಲೇನರ್ ತಂದರು. ಬಾಗಿಲು, ಕಿಟಕಿ ಮಾಡುವ ಸಣ್ಣ ವರ್ಕ್‌ಶಾಪು ಅವರದ್ದು. ಹೊಸ ಮಿಷನ್ನಿಗೆ ದುಡ್ಡು ಸಾಲಲಿಲ್ಲ. ಎರಕದ ಮೈ ಮೇಲೆ ರಾಬಿನ್‌ಸನ್, ರಾಚ್‌ಡೇಲ್ ಅಂತ ಉಬ್ಬಿದ ಇಂಗ್ಲಿಷ್ ಅಕ್ಷರ. ರಾಚ್‌ಡೇಲ್ ಅಂದ್ರೆ 1844ರಲ್ಲಿ ನೇಕಾರರೆಲ್ಲ ಸೇರಿ ತಮ್ಮದೇ ಸಹಕಾರಿ ಅಂಗಡಿ ತೆರೆದ ಇಂಗ್ಲೆಂಡಿನ ಊರು. ಹುಡುಗರಿಗೆ ಇದನ್ನ ಹೇಳಿದಾಗ ಅವರಿಗೆ ಅಷ್ಟೇನೂ ಖುಷಿ ಆಗಲಿಲ್ಲ, ಯಾಕಂದ್ರೆ ಮಿಷನ್ನಿನ ಬೇರಿಂಗು ಹೊಗೆಯಾಡ್ತಾ ಇತ್ತು. ಒಬ್ಬ ಮೆಕ್ಯಾನಿಕ್ ಬಂದು ಎಣ್ಣೆ ತೂತಿಗೆ ಗ್ರೀಸ್ ಒತ್ತಿ ಹೋಗಿದ್ದ. ಇನ್ನಷ್ಟು ಕಾಯ್ತು. ಅಪ್ಪನನ್ನ ಆಟೋದಲ್ಲಿ ಕರ್ಕೊಂಡು ಹೋದರು. ಎಪ್ಪತ್ತಾರು ವರ್ಷ, ಕಿವಿ ಕೇಳಲ್ಲ. ಮಿಷನ್ ನಿಲ್ಲಿಸಿದ ಕೂಡಲೇ ಬೇರಿಂಗಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಎಣಿಸಿದ. ಹತ್ತು ಎಣಿಸುವ ತನಕ ಕೈ ತಡೆದುಕೊಂಡರೆ ಸರಿ. ಮೂರಕ್ಕೇ ತೆಗೆದ.

ಅವನು ಹೇಳಿದ್ದು, ನಾನು ಬರೆದುಕೊಂಡದ್ದು ಇಷ್ಟು. ಹಳೇ ಮಿಷನ್ ಇರೋರು ಯಾರಾದ್ರೂ ಇದ್ದರೆ ಉಪಯೋಗಕ್ಕೆ ಬರಲಿ. ಗುಜರಿಯಿಂದ ತಂದ ಮಿಷನ್ನಿಗೆ ಕರೆಂಟು ಕೊಡೋಕೆ ಮುಂಚೆ ಬೇರಿಂಗಿನ ಮುಚ್ಚಳ ತೆಗೆದು, ಸೀಮೆಎಣ್ಣೆ ಹಾಕಿ ಹಳೇ ಅಂಟೆಲ್ಲ ತೊಳೆದು, ಒಣಗಿಸಿ, ಎಣ್ಣೆ ಬಿಟ್ಟು, ಕೈಯಲ್ಲೇ ತಿರುಗಿಸಿ ನೋಡಬೇಕು. ಎಣ್ಣೆಗೆ ಮಾಡಿದ ತೂತಿಗೆ ಗ್ರೀಸ್ ಹಾಕಲೇಬಾರದು. ಗ್ರೀಸು ಹರಿಯಲ್ಲ, ಅಲ್ಲೇ ಕೂತು ಹೊಟ್ಟನ್ನ ಹಿಡಿದಿಟ್ಟುಕೊಂಡು ಸಾಣೆ ಕಲ್ಲಿನ ಹಾಗೆ ತೇಯುತ್ತೆ. ಎಣ್ಣೆ ಹೊರಗೆ ಹರಿದು ಬರುವಾಗ ಕೊಳೆಯನ್ನೂ ತರುತ್ತೆ. ವೇಗಕ್ಕೆ ತೆಳು ಎಣ್ಣೆ, ಭಾರಕ್ಕೆ ಗಟ್ಟಿ ಎಣ್ಣೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡಿನ ಬ್ಲಾಕಿಗೆ ತೆಳುವಾದದ್ದು, ನಿಧಾನಕ್ಕೆ ತಿರುಗುವ ರೋಲರಿನ ಹಲ್ಲುಗಾಲಿಗೆ ಗಟ್ಟಿಯಾದದ್ದು. ಅಡುಗೆ ಎಣ್ಣೆ ಯಾವುದೂ ಬೇಡ, ಕಡಲೆಕಾಯಿ ಎಣ್ಣೆ ಒಣಗಿ ಅಂಟಾಗುತ್ತೆ, ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತೆ.

ಗೋಲಿ ಬೇರಿಂಗ್ ಇರುವ ಮಿಷನ್ ಆದ್ರೆ ಲೆಕ್ಕ ಬೇರೆ. ಅದಕ್ಕೆ ಗ್ರೀಸೇ ಬೇಕು, ಆದ್ರೆ ಒಳಗಿನ ಜಾಗದಲ್ಲಿ ಮೂರರಲ್ಲೊಂದು ಪಾಲು ಸಾಕು. ತುಂಬಾ ತುರುಕಿದ್ರೆ ಗೋಲಿಗಳು ಗ್ರೀಸನ್ನೇ ಕಡೆದು ಕಡೆದು ಕಾಯ್ತವೆ. ಒಂದು ಜಾತಿಯ ಗ್ರೀಸಿನ ಮೇಲೆ ಇನ್ನೊಂದು ಜಾತಿಯದ್ದು ಹಾಕಬೇಡಿ, ಕೆಲವು ಬೆರೆತರೆ ನೀರಾಗಿ ಸೋರಿಹೋಗ್ತವೆ. (ಜಾತಿ ಬೆರೆಯಬಾರದು ಅಂತ ನಾನು ಒಪ್ಪಿಕೊಳ್ಳೋದು ಇದೊಂದೇ ಕಡೆ.) ಎರಡೂ ಬದಿ ಮುಚ್ಚಿದ ಸೀಲ್ ಬೇರಿಂಗಿಗೆ ಏನೂ ಹಾಕೋ ಹಾಗಿಲ್ಲ, ಹೋದರೆ ಬದಲಾಯಿಸಬೇಕು. ಹಲಗೆ ಓಡುವ ಮೇಜಿನ ಮೇಲೆ ಎಣ್ಣೆ ಬಿಡಬೇಡಿ, ಮರಕ್ಕೆ ಕಲೆ ಹಿಡಿದು ಪಾಲಿಶ್ ನಿಲ್ಲಲ್ಲ. ಅಲ್ಲಿಗೆ ಮೇಣದ ಬತ್ತಿ ಉಜ್ಜಿ ಬಟ್ಟೆಯಲ್ಲಿ ಒರೆಸಿದ್ರೆ ಸಾಕು. ಹೊಟ್ಟು ದಿನಾ ಗುಡಿಸಿ, ಮುಖ್ಯವಾಗಿ ಬೇರಿಂಗಿನ ಸುತ್ತ. ಬಿಸಿ ಬೇರಿಂಗಿನ ಮೇಲೆ ಕೂತ ಹೊಟ್ಟು ಹೊಗೆಯೂ ಕಾಣದ ಹಾಗೆ ಒಳಗೊಳಗೇ ಕನಲಿ ರಾತ್ರಿ ಹೊತ್ತಿಕೊಂಡು ಎಷ್ಟೋ ಮಿಲ್ಲು ಬೂದಿಯಾಗಿವೆ. ಮತ್ತೆ ಬ್ಲೇಡು ಕೂರುವ ಬ್ಲಾಕು ಚೌಕವಾಗಿದ್ದರೆ ಆ ಪ್ಲೇನರ್ ಎಷ್ಟೇ ಅಗ್ಗವಾದರೂ ಬೇಡ, ಕೈ ಸಿಕ್ಕರೆ ಪೂರ್ತಿ ಎಳೆದುಕೊಳ್ಳುತ್ತ��. ಬ್ಲಾಕು ದುಂಡಗಿರಬೇಕು. ಹುಡುಗರದ್ದು ದುಂಡಗಿದೆ, ನೋಡಿದೆ.

ಎಲ್ಲ ಸರಿಯಾದ ಮೇಲೆ ಒಂದು ತಕರಾರು ಹುಟ್ಟಿತು. ಎಣ್ಣೆ ಯಾರು ಬಿಡಬೇಕು? ಐಟಿಐ ಓದಿದ ಇಬ್ಬರು ಆ ಕೆಲಸವನ್ನ ಪಿಯುಸಿ ಫೇಲಾದ ಮೂರನೆಯವನಿಗೆ ಹಾಕಿದರು. ಅವನಿಗೆ ಸಿಟ್ಟು ಬಂತು, "ನಾನೇನು ನಿಮ್ಮ ಹೆಲ್ಪರ್ರಾ?" ಅಂದ. ಮೂವರೂ ಪಾಲುದಾರರು, ಮೂವರೂ ಏಪ್ರಿಲ್ 14ಕ್ಕೆ ನೀಲಿ ಶಾಲು ಹಾಕೋರು. ಆದ್ರೂ ಮಿಷನ್ ಬಂದ ಕೂಡಲೇ ಮೇಲೊಬ್ಬ, ಕೆಳಗೊಬ್ಬ ಆಗಿಹೋಯ್ತು. ನಗಬೇಡಿ. ನಮ್ಮ ಸಂಘಟನೆಗಳಲ್ಲೂ ಶಾಮಿಯಾನ ಕಟ್ಟೋರು, ಕುರ್ಚಿ ಹಾಕೋರು, ರಾತ್ರಿ ಪೋಸ್ಟರ್ ಅಂಟಿಸೋರು ಯಾರು, ಕರಪತ್ರದಲ್ಲಿ ಹೆಸರು ಬರೋದು ಯಾರದ್ದು ಅಂತ ಒಂದು ಪಟ್ಟಿ ಮಾಡಿ ನೋಡಿ. ಜಿಲ್ಲಾ ಸಮಾವೇಶದಲ್ಲಿ ಈ ಮಾತು ಎತ್ತಿದ್ದಕ್ಕೆ ನನ್ನ ಮೇಲೆ ಮುನಿಸಿಕೊಂಡವರು ಇದನ್ನೂ ಓದ್ತಾ ಇರ್ತಾರೆ, ಓದಲಿ.

ಅಪ್ಪನಿಗೆ ತಕರಾರು ಏನು ಅಂತ ಕಿವಿಯ ಹತ್ರ ಕೂಗಿ ಹೇಳಬೇಕಾಯಿತು. ಹೇಳಿದ ಮೇಲೆ ಐಟಿಐ ಹುಡುಗರಿಬ್ಬರ ಮುಖ ನೋಡಿ, "ನೀನು ಓಡ್ಸೋದಾದ್ರೆ ನೀನೇ ಎಣ್ಣೆ ಬಿಡು. ನೀನು ಬಿಡಲ್ಲ ಅಂದ್ರೆ ಓಡಿಸ್ಬ್ಯಾಡ. ಎಣ್ಣೆ ಬಿಡದೋನಿಗೆ ಮಿಷನ್ನು ಎಲ್ಲಿ ನೋಯ್ತೈತೆ ಅಂತ ಏನ್ ಗೊತ್ತಾಯ್ತದೆ?" ಅಂದ. ಈಗ ವಾರಕ್ಕೊಬ್ಬರ ಸರದಿ. ಗೋಡೆಯ ಮೇಲೆ ನಾನೇ ಒಂದು ನೋಟ್‌ಬುಕ್ ತೂಗುಹಾಕಿ ಗೆರೆ ಎಳೆದುಕೊಟ್ಟಿದ್ದೀನಿ. ತಾರೀಖು, ಯಾವ ತೂತು, ಯಾವ ಎಣ್ಣೆ, ಬಿಟ್ಟವರ ಹೆಸರು, ಸಹಿ. ಮೂರೇ ಜನ ಇರುವ ಶೆಡ್ಡು, ಯಾವ ಕಾನೂನೂ ಅವರನ್ನ ಕೇಳಲ್ಲ. ತೂತುಗಳ ಸುತ್ತ ಪೇಂಟು ಬರೆಯೋಕೆ ಅಪ್ಪ ತಾನೇ ಕೂತ, ಕೈ ನಡುಗುತ್ತೆ, ಉಂಗುರಗಳು ಸೊಟ್ಟಗಾಗಿವೆ.

ಈಗ ಸಹಾಯ ಕೇಳೋ ವಿಷಯ. ಮೆಕ್ಯಾನಿಕ್ ಗ್ರೀಸ್ ಒತ್ತಿ ಓಡಿಸಿದ್ದರಿಂದ ಎಡಗಡೆಯ ಬೇರಿಂಗಿನ ವೈಟ್ ಮೆಟಲ್ ಅರ್ಧ ಹೋಗಿದೆ. ಕಿತ್ತು ಬಾಲ್ ಬೇರಿಂಗ್ ಕೂರಿಸಿ ಅಂತ ಎಲ್ಲರೂ ಹೇಳ್ತಾರೆ, ಅದಕ್ಕೆ ಎರಕದ ಮೈ ಕೊರೆಯಬೇಕು, ಅಪ್ಪ ಒಪ್ಪಲ್ಲ, ನನಗೂ ಮನಸ್ಸಿಲ್ಲ. ಹೊಸದಾಗಿ ಎರೆಯಬೇಕು. ಶಾಫ್ಟಿಗೆ ದೀಪದ ಮಸಿ ಹಿಡಿಸಿ, ಎರಡೂ ಬಿಸಿ ಮಾಡಿ, ಕರಗಿದ ಲೋಹಕ್ಕೆ ಒಣ ಕಡ್ಡಿ ಅದ್ದಿದರೆ ಕಂದು ತಿರುಗಬೇಕು, ಹೊತ್ತಿಕೊಳ್ಳಬಾರದು, ಆ ಹದದಲ್ಲಿ ಒಂದೇ ಉಸಿರಿಗೆ ಎರೆದು, ಆರಿದ ಮೇಲೆ ಕೆರೆದು ಕೂರಿಸಬೇಕು. ಅಪ್ಪ ಹತ್ತಾರು ಸಲ ಪಕ್ಕದಲ್ಲಿ ನಿಂತು ನೋಡಿದ್ದಾನೆ, ಈಗ ಅವನ ಕೈಯಲ್ಲಿ ಆಗಲ್ಲ. ಒಂದು ಹನಿ ನೀರಿದ್ದರೂ ಲೋಹ ಸಿಡಿಯುತ್ತೆ, ಹುಡುಗರ ಕೈಗೆ ಕೊಡೋಕೆ ನನಗೆ ಧೈರ್ಯ ಇಲ್ಲ. ಭದ್ರಾವತಿ, ದಾವಣಗೆರೆ, ಹುಬ್ಬಳ್ಳಿ ಕಡೆಯ ಹಳೇ ಫೌಂಡ್ರಿಗಳಲ್ಲಿ, ಸಕ್ಕರೆ ಫ್ಯಾಕ್ಟರಿಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ಈ ಕೆಲಸ ಮಾಡಿ ರಿಟೈರ್ ಆದವರು ಖಂಡಿತ ಇರ್ತಾರೆ. ನಿಮ್ಮ ಅಪ್ಪಂದಿರೋ ಮಾವಂದಿರೋ ಇರಬಹುದು. ಗೊತ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಬಂದು ಹೋಗುವ ಬಸ್ ಚಾರ್ಜು, ಊಟ, ದಿನದ ಕೂಲಿ ಹುಡುಗರು ಕೊಡ್ತಾರೆ. ಬತ್ತಿಗೆ ಪಾಲಿಯೆಸ್ಟರ್ ಬೆರೆಯದ ಉಣ್ಣೆ ದಾರವೂ ಬೇಕು, ಚಳ್ಳಕೆರೆ ಕಡೆ ಕಂಬಳಿ ನೇಯೋರು ಯಾರಾದ್ರೂ ಪರಿಚಯ ಇದ್ದರೆ ಅದನ್ನೂ ತಿಳಿಸಿ.

ಜೈ ಭೀಮ್.